ಒಂದು ಕ್ಷುದ್ರಗ್ರಹ ಹಿಡಿದು ತಂದರೆ ಎಲ್ಲರೂ ಕೋಟ್ಯಧಿಪತಿಗಳೇ? ಸಂಡೂರಿನ ಗುಡ್ಡದ ಪಕ್ಕದಿಂದ ಒಂದು ಲೆಕ್ಕ

ಮೊಬೈಲಿನಲ್ಲಿ ಆಗಾಗ ಸುತ್ತುವ ಒಂದು ಸುದ್ದಿಯನ್ನು ನೀವೂ ನೋಡಿರಬಹುದು. 'ಆಕಾಶದಲ್ಲಿ ಪೂರ್ತಿ ಲೋಹದಿಂದಲೇ ಆದ ಒಂದು ಕ್ಷುದ್ರಗ್ರಹ ಇದೆ. ಅದನ್ನು ಭೂಮಿಗೆ ತಂದರೆ ಪ್ರತಿಯೊಬ್ಬರಿಗೂ ಸಾವಿರಾರು ಕೋಟಿ ರೂಪಾಯಿ ಸಿಗುತ್ತದೆ' ಎನ್ನುವ ಸುದ್ದಿ. ಅದರ ಕೆಳಗೆ ಒಂದಷ್ಟು ಜನ ನಗುತ್ತಾರೆ, ಒಂದಷ್ಟು ಜನ ನಂಬುತ್ತಾರೆ. ಇನ್ನು ಕೆಲವರು ಕೇಳುವ ಪ್ರಶ್ನೆ ಮಾತ್ರ ನಗುವಂಥದ್ದಲ್ಲ: 'ಮೇಲಿನಿಂದಲೇ ಲೋಹ ಬರುವುದಾದರೆ ನಮ್ಮ ಗುಡ್ಡಗಳನ್ನು ಯಾಕೆ ಅಗೆಯಬೇಕು?'

ಈ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯವರಿಗೆ ದೂರದ ವಿಷಯವಲ್ಲ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವುದು ಈ ಐದೇ ತಾಲ್ಲೂಕು. ಪಕ್ಕದಲ್ಲೇ ಸಂಡೂರು. ಗಣಿಯ ದುಡ್ಡು, ಗಣಿಯ ದೂಳು ಎರಡನ್ನೂ ಹತ್ತಿರದಿಂದ ನೋಡಿದ ಊರುಗಳಿವು. ಹಾಗಾಗಿ ಈ ಆಕಾಶದ ಗಣಿಯ ಲೆಕ್ಕವನ್ನು ನಾವು ಇಲ್ಲಿಂದಲೇ ಶುರು ಮಾಡೋಣ.

ಕ್ಷುದ್ರಗ್ರಹ ಎಂದರೇನು? ಅದರಲ್ಲಿ ಏನಿದೆ?

ಸೌರಮಂಡಲ ಹುಟ್ಟುವಾಗ ಗ್ರಹವಾಗಿ ಕೂಡಿಕೊಳ್ಳದೆ ಉಳಿದ ಕಲ್ಲು ಮತ್ತು ಲೋಹದ ತುಂಡುಗಳೇ ಕ್ಷುದ್ರಗ್ರಹಗಳು. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುತ್ತಿವೆ. ಕೆಲವು ಭೂಮಿಯ ಹತ್ತಿರಕ್ಕೂ ಬರುತ್ತವೆ. ಇವತ್ತಿಗೆ 10 ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನು ಗುರುತಿಸಲಾಗಿದೆ. ಇವುಗಳನ್ನು ಹುಡುಕುವ ಕೆಲಸ ನಮ್ಮ ಕಡೆಗೂ ಹೊಸದಲ್ಲ. ಈ ತಾಲ್ಲೂಕುಗಳ ಊರುಗಳೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲಕ್ಕೆ, 1861ರಲ್ಲಿ, ಮದ್ರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಅದಕ್ಕೆ 'ಏಷ್ಯಾ' ಎಂದೇ ಹೆಸರಿಟ್ಟರು.

ಎಲ್ಲ ಕ್ಷುದ್ರಗ್ರಹಗಳೂ ಒಂದೇ ತರಹ ಇಲ್ಲ. ಕೆಲವು ಇದ್ದಿಲಿನಂತೆ ಕಪ್ಪು. ಅವುಗಳ ಖನಿಜಗಳೊಳಗೆ ನೀರಿನ ಅಂಶ ಸೇರಿಕೊಂಡಿರುತ್ತದೆ. ಕೆಲವು ಬರೀ ಕಲ್ಲು. ಇನ್ನು ಕೆಲವದರಲ್ಲಿ ಕಬ್ಬಿಣ, ನಿಕ್ಕೆಲ್ ಹೆಚ್ಚು. ಜೊತೆಗೆ ಪ್ಲಾಟಿನಂ, ಇರಿಡಿಯಂನಂಥ ಬೆಲೆಬಾಳುವ ಲೋಹಗಳು ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ. ಆಕಾಶದಿಂದ ಬಿದ್ದ ಕಬ್ಬಿಣವನ್ನು ಮನುಷ್ಯ ಹಿಂದೆಯೇ ಬಳಸಿದ್ದಾನೆ. 1621ರಲ್ಲಿ ಜಲಂಧರದ ಹತ್ತಿರ ಉಲ್ಕೆಯೊಂದು ಬಿದ್ದಾಗ ಮೊಗಲ್ ದೊರೆ ಜಹಾಂಗೀರ್ ಅದರಿಂದ ಖಡ್ಗ, ಚೂರಿ ಮಾಡಿಸಿದ. ಆ ಕಬ್ಬಿಣ ಬಡಿದರೆ ಒಡೆಯುತ್ತಿತ್ತು. ಅದಕ್ಕೇ ಅದಕ್ಕೆ ನೆಲದ ಕಬ್ಬಿಣ ಬೆರೆಸಬೇಕಾಯಿತು.

ಹಾಗಾಗಿ 'ಮೇಲೆ ಲೋಹ ಇದೆ' ಎನ್ನುವ ಮಾತು ನಿಜ. ತೊಂದರೆ ಇರುವುದು ಆಮೇಲಿನ ಮಾತಿನಲ್ಲಿ.

ಲೋಹ ಇದ್ದರೆ ಸಾಕೇ?

ಹಡಗಲಿ ಮಲ್ಲಿಗೆ ಬೆಳೆಯುವವರನ್ನು ಕೇಳಿ. ಗಿಡದ ತುಂಬ ಹೂವಿದ್ದರೆ ಅದೇ ದುಡ್ಡಲ್ಲ. ಬಾಡುವ ಮೊದಲು ಬಿಡಿಸಿ, ಮಾರುಕಟ್ಟೆಗೆ ಮುಟ್ಟಿಸಿ, ಆ ದಿನದ ಖರ್ಚು ಕಳೆದು ಉಳಿದದ್ದೇ ದುಡ್ಡು. ಲೋಹಕ್ಕೂ ಇದೇ ಮಾತು. ಕಲ್ಲಿನಲ್ಲಿ ಲೋಹ ಇದ್ದ ಮಾತ್ರಕ್ಕೆ ಅದು ಅದಿರಲ್ಲ. ಅಗೆದು, ಬೇರ್ಪಡಿಸಿ, ಬೇಕಾದಲ್ಲಿಗೆ ಸಾಗಿಸುವ ಖರ್ಚಿಗಿಂತ ಅದರ ಬೆಲೆ ಹೆಚ್ಚಿದ್ದರೆ ಮಾತ್ರ ಅದು ಅದಿರು.

ಇದಕ್ಕೆ ಪುಸ್ತಕದ ಉದಾಹರಣೆ ಬೇಕಿಲ್ಲ. ಸಂಡೂರು, ಹೊಸಪೇಟೆ ಗಣಿಗಳಲ್ಲಿ ಒಂದು ಕಾಲಕ್ಕೆ ಗಟ್ಟಿ ಅದಿರನ್ನಷ್ಟೇ ಆರಿಸಿಕೊಂಡು ಪುಡಿಯನ್ನು ಪಕ್ಕಕ್ಕೆ ರಾಶಿ ಹಾಕುತ್ತಿದ್ದರು. 2003ರ ಆಚೆಗೆ ಚೀನಾದ ಬೇಡಿಕೆಯಿಂದ ಬೆಲೆ ಏರಿದಾಗ ಬೇಡವೆಂದು ಬಿಟ್ಟಿದ್ದ ಅದೇ ಪುಡಿಗೆ ಗಿರಾಕಿ ಬಂತು. ಹೊಲಗಳ ಮೇಲ್ಪದರದಲ್ಲಿದ್ದ ಅದಿರಿನ ಕಲ್ಲನ್ನೂ ಅಗೆದು ಮಾರಿದರು. ಕೂಡ್ಲಿಗಿ ಮೇಲೆ ಹಾಯುವ ಹೆದ್ದಾರಿಯಲ್ಲಿ ಲಾರಿಗಳ ಸಾಲು ನಿಂತಿತು. ಸಾಲ ಮಾಡಿ ಲಾರಿ ಕೊಂಡವರೂ ಇದ್ದರು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗುಡ್ಡದಲ್ಲಿ ಕಬ್ಬಿಣ ಹಾಗೇ ಇತ್ತು. ಆದರೆ ಲಾರಿಗಳು ಮನೆ ಮುಂದೆ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ.

ಕೋಲಾರದ ಚಿನ್ನದ ಗಣಿಯದ್ದೂ ಇದೇ ಕಥೆ. ಸುಮಾರು 120 ವರ್ಷಗಳಲ್ಲಿ ಅಲ್ಲಿ 800 ಟನ್ನಿನಷ್ಟು ಚಿನ್ನ ತೆಗೆದರು. ಸುರಂಗ 3 ಕಿಲೋಮೀಟರಿಗೂ ಕೆಳಗೆ ಹೋಯಿತು. 2001ರಲ್ಲಿ ಅದನ್ನು ಮುಚ್ಚಿದ್ದು ಚಿನ್ನ ಪೂರ್ತಿ ಮುಗಿಯಿತು ಎಂದಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ದಾಟಿತು ಎಂದು.

ನೆಲದ ಅದಿರಿಗೆ ಇನ್ನೊಂದು ಅನುಕೂಲವಿದೆ. ಸಂಡೂರಿನ ಕಬ್ಬಿಣ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆಮೇಲೆ ಮಳೆ ನೀರು ಇಳಿದಿಳಿದು ಬೇಡದ ಸಿಲಿಕಾವನ್ನು ತೊಳೆದು, ಕಬ್ಬಿಣವನ್ನು ಒಂದೆಡೆ ಗಟ್ಟಿ ಮಾಡಿತು. ಅಂದರೆ ಅರ್ಧ ಕೆಲಸವನ್ನು ಭೂಮಿಯೇ ಮಾಡಿಕೊಟ್ಟಿದೆ. ಕ್ಷುದ್ರಗ್ರಹದಲ್ಲಿ ಹಾಗೆ ಕೋಟ್ಯಂತರ ವರ್ಷ ಹರಿಯುವ ನೀರಿಲ್ಲ. ಅಲ್ಲಿ ಪ್ಲಾಟಿನಂ ಗೆರೆಗೆರೆಯಾಗಿ ಕೂತಿಲ್ಲ, ಇಡೀ ಕಬ್ಬಿಣದಲ್ಲಿ ಹರಡಿಹೋಗಿದೆ.

ಇಲ್ಲಿಯವರೆಗೆ ಎಷ್ಟು ತಂದಿದ್ದಾರೆ?

ಇದು ನಿಜವಾಗಿಯೂ ನಡೆದ ಕೆಲಸ. ಹಾಗಾಗಿ ಅಂದಾಜು ಬೇಡ, ಲೆಕ್ಕವೇ ಇದೆ.

ಜಪಾನಿನ ಹಯಬುಸಾ ನೌಕೆ ಇಟೊಕಾವಾ ಎಂಬ ಕ್ಷುದ್ರಗ್ರಹಕ್ಕೆ ಹೋಗಿ 2010ರಲ್ಲಿ ವಾಪಸ್ ಬಂತು. ತಂದದ್ದು ಕಣ್ಣಿಗೆ ಸರಿಯಾಗಿ ಕಾಣದ ಸುಮಾರು 1,500 ದೂಳಿನ ಕಣ. ಹಯಬುಸಾ-2 ನೌಕೆ ರ‍್ಯುಗು ಎಂಬ ಕ್ಷುದ್ರಗ್ರಹದಿಂದ 2020ರ ಡಿಸೆಂಬರಿನಲ್ಲಿ ತಂದದ್ದು 5.4 ಗ್ರಾಂ, ಅಂದರೆ ಒಂದು ಚಮಚದಷ್ಟು. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರ್ 24ರಂದು ಇಳಿಸಿದ್ದು 121.6 ಗ್ರಾಂ. ಒಂದು ಹಿಡಿ ಮಣ್ಣು. ಆ ಯೋಜನೆಗೆ ಆದ ಖರ್ಚು ಸುಮಾರು 116 ಕೋಟಿ ಡಾಲರ್. ಭಾಗಿಸಿ ನೋಡಿದರೆ ಗ್ರಾಮಿಗೆ ಸುಮಾರು 95 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿ.

ಇಲ್ಲೊಂದು ಮಾತು ಹೇಳಲೇಬೇಕು. ಆ ನೌಕೆಗಳು ಹೋದದ್ದು ವ್ಯಾಪಾರಕ್ಕಲ್ಲ. ಸೌರಮಂಡಲ ಹೇಗೆ ಹುಟ್ಟಿತು ಎಂದು ತಿಳಿಯಲು. ಆ ಕೆಲಸಕ್ಕೆ ಒಂದು ಹಿಡಿ ಮಣ್ಣು ಬೇಕಾದಷ್ಟಾಯಿತು. ಆದರೆ ಗಣಿಯ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ.

ಇಡೀ ಕಲ್ಲನ್ನೇ ಹಿಡಿದು ತಂದರೆ?

ಇದನ್ನೂ ವಿಜ್ಞಾನಿಗಳು ಯೋಚಿಸಿದ್ದಾರೆ. 2012ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಕೆಕ್ ಸಂಸ್ಥೆ ಒಂದು ಅಧ್ಯಯನ ಮಾಡಿತು. ಸುಮಾರು 7 ಮೀಟರ್ ಅಗಲದ, 500 ಟನ್ ತೂಕದ ಒಂದು ಪುಟ್ಟ ಕ್ಷುದ್ರಗ್ರಹ. ಅದನ್ನು ದೊಡ್ಡ ಚೀಲದಂಥದ್ದರಲ್ಲಿ ಹಿಡಿದು, ನಿಧಾನಕ್ಕೆ ತಳ್ಳಿಕೊಂಡು ಬಂದು ಚಂದ್ರನ ಸುತ್ತ ಬಿಡುವುದು. ಭೂಮಿಗೆ ಇಳಿಸುವ ಮಾತಿಲ್ಲ. ಆಗಬಹುದಾದ ಖರ್ಚು ಸುಮಾರು 260 ಕೋಟಿ ಡಾಲರ್. ಬೇಕಾದ ಕಾಲ ಹತ್ತು ವರ್ಷದ ಆಸುಪಾಸು. ಇದೇ ಯೋಚನೆಯನ್ನು ಮುಂದುವರಿಸಿ ನಾಸಾ ಒಂದು ಯೋಜನೆಯನ್ನೂ ಹಾಕಿಕೊಂಡಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು.

'ಅಲ್ಲಿ ತೂಕವೇ ಇರುವುದಿಲ್ಲವಲ್ಲ, ತಳ್ಳಲು ಏನು ಕಷ್ಟ?' ಎಂದು ಕೆಲವರು ಕೇಳುತ್ತಾರೆ. ಕೊಟ್ಟೂರಿನ ತೇರು ಎಳೆದವರಿಗೆ ಉತ್ತರ ಗೊತ್ತಿದೆ. ತೇರನ್ನು ಯಾರೂ ಮೇಲಕ್ಕೆ ಎತ್ತುವುದಿಲ್ಲ, ಎಳೆಯುವುದಷ್ಟೇ. ಆದರೂ ನಿಂತ ತೇರನ್ನು ಹೊರಡಿಸಲು ನೂರಾರು ಕೈ ಬೇಕು. ಹೊರಟ ತೇರನ್ನು ತಿರುಗಿಸಲು, ನಿಲ್ಲಿಸಲು ಗಾಲಿಗೆ ಮರದ ತುಂಡು ಕೊಡುವವರು ಬೇಕೇ ಬೇಕು. ಬಾಹ್ಯಾಕಾಶದಲ್ಲಿ ಕಲ್ಲಿನ ಭಾರ ಕೆಳಗೆ ಎಳೆಯದಿದ್ದರೂ ಅದರ ದ್ರವ್ಯರಾಶಿ ಎಲ್ಲಿಗೂ ಹೋಗಿರುವುದಿಲ್ಲ. ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಓಡುವ ಆ ತೇರನ್ನು ತಿರುಗಿಸಲು ಇಂಧನ ಬೇಕು. ಆ ಇಂಧನವನ್ನು ಇಲ್ಲಿಂದಲೇ ಹೊತ್ತುಕೊಂಡು ಹೋಗಬೇಕು. 2022ರ ಸೆಪ್ಟೆಂಬರಿನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ತನಗಿಂತ ದೊಡ್ಡ ಇನ್ನೊಂದು ಕಲ್ಲನ್ನು ಅದು ಸುತ್ತುವ ಸಮಯ ಅರ್ಧ ಗಂಟೆಯಷ್ಟು ಕಡಿಮೆಯಾಯಿತು. ದಾರಿ ಸ್ವಲ್ಪ ತಪ್ಪಿಸುವುದು ಸಾಧ್ಯ ಎಂದು ಅದು ತೋರಿಸಿತು. ಹಿಡಿದು ಮನೆಗೆ ಕರೆತರುವುದು ಬೇರೆಯದೇ ಕೆಲಸ.

ಈಗ ದುಡ್ಡಿನ ಲೆಕ್ಕ. 500 ಟನ್ ಎಂದರೆ ಎಷ್ಟು? ಅದಿರು ತುಂಬಿದ ಗೂಡ್ಸ್ ರೈಲಿನ ಎಂಟು ವ್ಯಾಗನ್ನಿನಷ್ಟು. ವಾದಕ್ಕೆ ಆ ಕಲ್ಲು ಪೂರ್ತಿ ಲೋಹದ್ದೇ ಎಂದುಕೊಳ್ಳೋಣ. ಟನ್ನಿಗೆ 50 ಗ್ರಾಂ ಪ್ಲಾಟಿನಂ ಜಾತಿಯ ಲೋಹ ಇದೆ ಎಂದೂ ಹಿಡಿಯೋಣ. ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಲ್ಲಿ ಟನ್ನಿಗೆ ನಾಲ್ಕೈದು ಗ್ರಾಂ ಸಿಗುವುದಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟು. ಆಗ ಒಟ್ಟು ಸಿಗುವುದು 25 ಕಿಲೋ. ಗ್ರಾಮಿಗೆ 5 ಸಾವಿರ ರೂಪಾಯಿ ಹಿಡಿದರೆ 12.5 ಕೋಟಿ. ಬೆಲೆಯನ್ನು ಹತ್ತು ಪಟ್ಟು ಹೆಚ್ಚು ಹಿಡಿದರೂ 125 ಕೋಟಿ. ನಿಕ್ಕೆಲ್, ಕಬ್ಬಿಣ ಸೇರಿಸಿದರೆ ಇನ್ನೊಂದು ಹತ್ತು ಕೋಟಿ. ಖರ್ಚು? ಆ 260 ಕೋಟಿ ಡಾಲರ್ ಎಂದರೆ ಸುಮಾರು 22 ಸಾವಿರ ಕೋಟಿ ರೂಪಾಯಿ. ಚಂದ್ರಯಾನ-3ಕ್ಕೆ ಆದ 615 ಕೋಟಿ ಖರ್ಚಿನಂಥ ಯೋಜನೆಗಳನ್ನು ಮೂವತ್ತೈದು ಸಲ ಮಾಡಬಹುದಾದಷ್ಟು ಹಣ.

ಅಲ್ಲೇ ಅಗೆದು, ಲೋಹ ಮಾತ್ರ ತಂದರೆ?

ಕೇಳಲು ಇದು ಸರಿಯೆನಿಸುತ್ತದೆ. ಆದರೆ ಬೆನ್ನುವಿನ ಅನುಭವ ನೋಡಿ. ಸುಮಾರು 500 ಮೀಟರ್ ಅಗಲದ ಆ ಕ್ಷುದ್ರಗ್ರಹದ ಸೆಳೆತ ಎಷ್ಟು ಕಡಿಮೆ ಎಂದರೆ ಅಲ್ಲಿ ನೀವೊಮ್ಮೆ ಜಿಗಿದರೆ ಮತ್ತೆ ಕೆಳಗೆ ಬೀಳುವುದಿಲ್ಲ, ಹೋಗುತ್ತಲೇ ಇರುತ್ತೀರಿ. ನೆಲ ಗಟ್ಟಿ ಬಂಡೆ ಎಂದುಕೊಂಡಿದ್ದ ನೌಕೆಯ ಕೈ ಸಡಿಲ ಕಲ್ಲುರಾಶಿಯೊಳಗೆ ಅರ್ಧ ಮೀಟರಿನಷ್ಟು ಇಳಿದುಹೋಯಿತು. ಡಬ್ಬಿಯ ಬಾಯಿಗೆ ಕಲ್ಲು ಸಿಕ್ಕಿಕೊಂಡು ಮುಚ್ಚಳ ಕೂರಲಿಲ್ಲ. ಒಂದಿಷ್ಟು ಮಣ್ಣು ಸೋರಿಹೋಯಿತು. ಭೂಮಿಗೆ ಬಂದ ಮೇಲೆ ಎರಡು ತಿರುಪು ಬಿಚ್ಚಲಾಗದೆ, ಡಬ್ಬಿ ಪೂರ್ತಿ ತೆರೆಯಲು 2024ರ ಜನವರಿಯೇ ಬಂತು. ಒಂದು ಹಿಡಿ ಮಣ್ಣಿಗೆ ಇಷ್ಟು ಪಾಡು.

ಅಂಥ ಕಡೆ ಡ್ರಿಲ್ ಒತ್ತಿದರೆ ಕಲ್ಲು ಕೊರೆಯುವ ಬದಲು ಯಂತ್ರವೇ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಪುಡಿ ಮಾಡಿದ್ದು ಕೆಳಗೆ ಕೂರದೆ ಸುತ್ತ ತೇಲುತ್ತದೆ. ಇಲ್ಲಿಂದ ಕಳಿಸಿದ ಆಜ್ಞೆ ಅಲ್ಲಿಗೆ ಮುಟ್ಟಲು ಎಷ್ಟೋ ಸಲ ನಿಮಿಷಗಳೇ ಬೇಕು. ಹೀಗಾಗಿ ಯಂತ್ರ ತನ್ನ ಬುದ್ಧಿಯಲ್ಲೇ ಕೆಲಸ ಮಾಡಬೇಕು. ಕೆಟ್ಟರೆ ಮೆಕ್ಯಾನಿಕ್ ಇಲ್ಲ.

ಈ ವ್ಯಾಪಾರಕ್ಕೆ ಇಳಿದ ಕಂಪನಿಗಳ ಗತಿಯೂ ಇದನ್ನೇ ಹೇಳುತ್ತದೆ. 2012ರಲ್ಲಿ ದೊಡ್ಡ ಸುದ್ದಿ ಮಾಡಿದ ಪ್ಲಾನೆಟರಿ ರಿಸೋರ್ಸಸ್ 2018ರಲ್ಲಿ ಬ್ಲಾಕ್‌ಚೈನ್ ಕಂಪನಿಯೊಂದರ ಪಾಲಾಯಿತು. ಡೀಪ್ ಸ್ಪೇಸ್ ಇಂಡಸ್ಟ್ರೀಸ್ 2019ರಲ್ಲಿ ಮಾರಾಟವಾಯಿತು. ಆಸ್ಟ್ರೋಫೋರ್ಜ್ ಎಂಬ ಹೊಸ ಕಂಪನಿ 2025ರ ಫೆಬ್ರುವರಿಯಲ್ಲಿ ಕಳಿಸಿದ ಓಡಿನ್ ನೌಕೆಯ ಸಂಪರ್ಕ ಹಾರಿದ ಸ್ವಲ್ಪ ಹೊತ್ತಿಗೇ ಕಡಿದುಹೋಯಿತು.

ಆ ಸಾವಿರಾರು ಕೋಟಿಯ ಲೆಕ್ಕ ಎಲ್ಲಿಂದ ಬಂತು?

ಅದು ಸೈಕಿ ಎಂಬ ಕ್ಷುದ್ರಗ್ರಹದ್ದು. ಸುಮಾರು 220 ಕಿಲೋಮೀಟರ್ ಅಗಲದ ಇದು ಪೂರ್ತಿ ಲೋಹದ್ದು ಎಂದು ಊಹಿಸಿ, ಅದರ ತೂಕವನ್ನು ಇವತ್ತಿನ ಪೇಟೆ ಬೆಲೆಗೆ ಗುಣಿಸಿದ್ದಾರೆ. ಬಂದದ್ದು 1ರ ಮುಂದೆ 19 ಸೊನ್ನೆಯಷ್ಟು ಡಾಲರ್. ಅದನ್ನು ಜಗತ್ತಿನ 800 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು 10 ಸಾವಿರ ಕೋಟಿ ರೂಪಾಯಿ.

ಇದರಲ್ಲಿ ಎರಡು ತಪ್ಪಿವೆ. ಮೊದಲನೆಯದು, ಸೈಕಿಯ ಸಾಂದ್ರತೆ ಕಬ್ಬಿಣದ ಸಾಂದ್ರತೆಯ ಅರ್ಧದಷ್ಟು ಎಂದು ಈಚಿನ ಅಳತೆಗಳು ಹೇಳುತ್ತವೆ. ಅಂದರೆ ಅದು ಗಟ್ಟಿ ಲೋಹದ ಉಂಡೆಯಲ್ಲ. 2023ರ ಅಕ್ಟೋಬರಿನಲ್ಲಿ ಹೊರಟ ನಾಸಾದ ನೌಕೆ 2029ರಲ್ಲಿ ಅಲ್ಲಿ ಮುಟ್ಟಿದ ಮೇಲೆ ನಿಜ ತಿಳಿಯುತ್ತದೆ. ಆ ನೌಕೆ ಹೋಗುತ್ತಿರುವುದು ನೋಡಲು, ಅಗೆಯಲು ಅಲ್ಲ.

ಎರಡನೆಯದು ಪೇಟೆಯ ತಪ್ಪು. ಈರುಳ್ಳಿ ಒಟ್ಟಿಗೇ ಪೇಟೆಗೆ ಬಂದರೆ ಏನಾಗುತ್ತದೆ ಎಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಲೋಹಕ್ಕೂ ಅದೇ ಗತಿ. 19ನೇ ಶತಮಾನದ ನಡುವಿನಲ್ಲಿ ಅಲ್ಯುಮಿನಿಯಂ ಬೆಲೆಬಾಳುವ ಲೋಹಗಳ ಸಾಲಿನಲ್ಲಿತ್ತು. 1886ರಲ್ಲಿ ಸುಲಭವಾಗಿ ತೆಗೆಯುವ ದಾರಿ ಸಿಕ್ಕಿದ ಮೇಲೆ ಅದು ಅಡುಗೆಮನೆಯ ಪಾತ್ರೆಯಾಯಿತು. ಅದರಿಂದ ಜಗತ್ತಿಗೆ ಒಳ್ಳೆಯದೇ ಆಯಿತು. ಆದರೆ ಯಾರೂ ಕುಳಿತಲ್ಲೇ ಕೋಟ್ಯಧಿಪತಿಗಳಾಗಲಿಲ್ಲ.

ಹಾಗಾದರೆ ಪೂರ್ತಿ ಸುಳ್ಳೇ?

ಅಲ್ಲ. ಆಕಾಶದ ಗಣಿಯಿಂದ ಮೊದಲು ಉಪಯೋಗಕ್ಕೆ ಬರಬಹುದಾದದ್ದು ಚಿನ್ನವೂ ಅಲ್ಲ, ಪ್ಲಾಟಿನಮ್ಮೂ ಅಲ್ಲ, ನೀರು. ಭೂಮಿಯಿಂದ ಒಂದು ಕಿಲೋ ಸಾಮಾನನ್ನು ಮೇಲಕ್ಕೆ ಕಳಿಸಲು ಸಾವಿರಾರು ಡಾಲರ್ ಬೇಕು. ಕಪ್ಪು ಕ್ಷುದ್ರಗ್ರಹಗಳಲ್ಲಿರುವ ನೀರನ್ನು ಅಲ್ಲೇ ತೆಗೆದು, ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆದರೆ ಅದೇ ರಾಕೆಟ್ ಇಂಧನ. ಭೂಮಿಗೆ ತರುವ ಖರ್ಚೇ ಇಲ್ಲ, ಏಕೆಂದರೆ ಅದು ಬೇಕಾಗಿರುವುದೇ ಅಲ್ಲಿ. ದಾರಿಯಲ್ಲೇ ಪೆಟ್ರೋಲ್ ಬಂಕ್ ಇಟ್ಟಂತೆ. ಇದೂ ನಾಳೆಯೇ ಆಗುವ ಕೆಲಸವಲ್ಲ. ಆದರೆ ಇದರ ಲೆಕ್ಕ ಕೂಡಿಬರುವ ದಾರಿಯಿದೆ.

ಅದು ಯಾರ ಸೊತ್ತು?

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನಾಗಲಿ, ಕ್ಷುದ್ರಗ್ರಹವಾಗಲಿ ಯಾವ ದೇಶದ ಸೊತ್ತೂ ಅಲ್ಲ. ಭಾರತವೂ ಅದನ್ನು ಒಪ್ಪಿದೆ. ಆದರೆ ಅಮೆರಿಕ 2015ರಲ್ಲಿ ಮಾಡಿದ ಕಾನೂನಿನಲ್ಲಿ, ಅಲ್ಲಿಂದ ತೆಗೆದ ವಸ್ತು ತೆಗೆದವರದು ಎಂದಿದೆ. ಲಕ್ಸೆಂಬರ್ಗ್ 2017ರಲ್ಲಿ ಅದೇ ದಾರಿ ಹಿಡಿಯಿತು. ನೆಲದ ಮೇಲೆ ಕೊನೆಪಕ್ಷ ಒಂದು ನಿಯಮವಿದೆ: 2015ರ ಕಾನೂನು ತಿದ್ದುಪಡಿಯ ನಂತರ ಗಣಿಯವರು ಕಟ್ಟುವ ರಾಜಧನದ ಮೇಲೆ ಶೇ 10ರಿಂದ 30ರಷ್ಟು ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ಗಣಿಯಿಂದ ತೊಂದರೆಗೆ ಒಳಗಾದ ಊರುಗಳಿಗೆ ಸೇರಬೇಕು. ಆಕಾಶದ ಗಣಿಯಲ್ಲಿ ಅಂಥ ಪಾಲಿನ ಮಾತೇ ಇಲ್ಲ. 'ಎಲ್ಲರಿಗೂ ಹಂಚುತ್ತಾರೆ' ಎನ್ನುವ ವಿಡಿಯೊ ನೋಡುವಾಗ ಇದನ್ನು ನೆನಪಿಡಿ.

ಕೊನೆಗೆ, ನಮ್ಮ ಗುಡ್ಡಗಳ ಪ್ರಶ್ನೆ

2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಭಾಗದ ಅದಿರಿನ ಮಿತಿಯನ್ನು ವರ್ಷಕ್ಕೆ 3.5 ಕೋಟಿ ಟನ್ನಿಗೆ ಏರಿಸಿತು. ಕೆಕ್ ಸಂಸ್ಥೆ ಹೇಳಿದಂಥ 500 ಟನ್ನಿನ ಕ್ಷುದ್ರಗ್ರಹಗಳಿಂದ ಇದನ್ನು ತುಂಬಬೇಕೆಂದರೆ ವರ್ಷಕ್ಕೆ 70 ಸಾವಿರ ಕ್ಷುದ್ರಗ್ರಹ ಹಿಡಿದು ತರಬೇಕು. ಬೇರೆ ರೀತಿ ಹೇಳುವುದಾದರೆ, ಬೆನ್ನುವಿನ ಇಡೀ ತೂಕ ಸುಮಾರು 7.3 ಕೋಟಿ ಟನ್. ಈ ಮಿತಿಯ ಎರಡು ವರ್ಷದ ಅದಿರು ಅಷ್ಟೇ. ಒಂದು ಕ್ಷುದ್ರಗ್ರಹದಷ್ಟು ಗುಡ್ಡವನ್ನು ನಾವು ಎರಡು ವರ್ಷಕ್ಕೊಮ್ಮೆ ಅಗೆದು ಕಳಿಸಬಹುದು ಎಂದಾಯಿತು.

ಹಾಗಾಗಿ ನಮ್ಮ ಉತ್ತರ ಇದು: ಕ್ಷುದ್ರಗ್ರಹಕ್ಕೆ ಹೋಗುವುದು ಸಾಧ್ಯ. ಅಲ್ಲಿಂದ ಮಣ್ಣು ತರುವುದು ಸಾಧ್ಯ. ಲೋಹ ತಂದು ಭೂಮಿಯಲ್ಲಿ ಮಾರಿ ಲಾಭ ಮಾಡುವುದು ಈಗಿನ ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಸಂಡೂರಿನ ಗುಡ್ಡಗಳನ್ನು ಆಕಾಶ ಬಂದು ಕಾಯುವುದಿಲ್ಲ. ಎಷ್ಟು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು, ಪ್ರತಿಷ್ಠಾನಕ್ಕೆ ಬಂದ ಹಣ ಯಾವ ಊರಿನ ಆಸ್ಪತ್ರೆಗೆ, ಯಾವ ಕೆರೆಗೆ ಹೋಯಿತು ಎನ್ನುವ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಕೇಳಬೇಕು.

ಕಡಿಮೆ ಅಗೆಯುವ ದಾರಿಯೂ ಇಲ್ಲೇ ಇದೆ. ಉಕ್ಕನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಳಸಬಹುದು. ಪೆಟ್ರೋಲ್ ಕಾರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಕೆಲವು ಗ್ರಾಂ ಪ್ಲಾಟಿನಂ ಜಾತಿಯ ಲೋಹ ಇರುತ್ತದೆ. ಬೆನ್ನುವಿನಿಂದ ಏಳು ವರ್ಷದ ಪಯಣ ಮುಗಿಸಿ ಬಂದ ಆ 121.6 ಗ್ರಾಂ ಮಣ್ಣಿನಲ್ಲಿ ಇರುವುದಕ್ಕಿಂತ ಹೆಚ್ಚು ಪ್ಲಾಟಿನಂ, ನಿಮ್ಮ ಊರಿನ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿಯುತ್ತಿರುವ ಒಂದು ಹಳೇ ಕಾರಿನಲ್ಲಿ ಇರಬಹುದು.